ಹತ್ತು ಗಂಟೆಗೆ ಕಾಡು ತಲುಪಿದರೆ ತಡವಾಯಿತು: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಮಂದಿಯೆಲ್ಲ ಸೇರಿ ಉಷ್ಣವಲಯದ ಸಂರಕ್ಷಿತ ಕಾಡಿಗೆ ಒಂದು ದಿನ ಹೋಗಿಬರುವ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಹಿಂದಿನ ಸಂಚಿಕೆಯಲ್ಲಿ ಹೇಳಿದ್ದೆ. ಪತ್ರಗಳು ಬಂದವು, ಅದರಲ್ಲಿ ಅರ್ಧ ಜಿಗಣೆಯ ಬಗ್ಗೆ! ಒಂದೇ ತರಹದವನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೇಡಂ, ನಾವು ಐದು ಜನ. ಅತ್ತೆಗೆ 68 ವರ್ಷ, ಮೊಣಕಾಲು ನೋವು. ಮಕ್ಕಳಿಗೆ 4 ಮತ್ತು 9. ನಮ್ಮ ಮನೆಯವರು ಬೆಳಿಗ್ಗೆ ಎಂಟಕ್ಕೆ ತಿಂಡಿ ಮುಗಿಸಿ ಹೊರಟು, ಹತ್ತಕ್ಕೆ ಕಾಡು ತಲುಪಿ, ಮೂರು ಟ್ರೇಲ್, ಒಂದು ಜಲಪಾತ, ವೀಕ್ಷಣಾ ಗೋಪುರ ಎಲ್ಲ ನೋಡಿ ಸಂಜೆ ಆರಕ್ಕೆ ವಾಪಸ್ ಎಂದು ಪಟ್ಟಿ ಹಾಕಿದ್ದಾರೆ. ಇದು ಆಗುವ ಮಾತಾ?

ಉತ್ತರ: ಆಗುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಇಂಥದೇ ಪಟ್ಟಿ ನಾನೂ ಒಮ್ಮೆ ಮಾಡಿದ್ದೆ. ಗಂಟೆಗೊಂದು ಗೆರೆ ಎಳೆದು, ನಾಲ್ಕು ಬಣ್ಣದಲ್ಲಿ ಬರೆದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಹೊರಟವಳು. ಹನ್ನೊಂದೂವರೆಗೆ ಚಿಕ್ಕವನು ಕೆಸರಿನಲ್ಲಿ ಕೂತು ಅಳುತ್ತಿದ್ದ, ದೊಡ್ಡವಳು ಮಾತು ಬಿಟ್ಟಿದ್ದಳು, ನಾವಿಬ್ಬರು ನಕ್ಷೆ ಯಾರ ಕೈಯಲ್ಲಿತ್ತು ಎಂದು ಜಗಳ ಆಡುತ್ತಿದ್ದೆವು. ಜಲಪಾತ ಇನ್ನೂ ಎರಡು ಕಿಲೋಮೀಟರ್ ಇತ್ತು.

ಜಾಗಗಳು ಜಾಸ್ತಿಯಾದದ್ದು ಹಾಗಿರಲಿ, ಹತ್ತಕ್ಕೆ ತಲುಪುವುದೇ ದೊಡ್ಡ ತಪ್ಪು. ಸಮಭಾಜಕ ವೃತ್ತದ ಆಸುಪಾಸಿನಲ್ಲಿ ವರ್ಷವಿಡೀ ಹಗಲು ಸುಮಾರು 12 ಗಂಟೆ. ಹಕ್ಕಿಗಳು ಮತ್ತು ಮಂಗಗಳು ಬೆಳಕು ಹರಿಯುತ್ತಲೇ ಎದ್ದು ಒಂಬತ್ತರ ಒಳಗೆ ತಮ್ಮ ಮುಖ್ಯ ಕೆಲಸ ಮುಗಿಸಿಬಿಡುತ್ತವೆ. ಆಮೇಲೆ ಬಿಸಿಲೇರುತ್ತದೆ, ಅವು ನೆರಳು ಹುಡುಕಿ ಸುಮ್ಮನಾಗುತ್ತವೆ, ಸರಿಯಾಗಿ ಆ ಹೊತ್ತಿಗೆ ನಾವು ಟೋಪಿ ಹಾಕಿಕೊಂಡು ಒಳಗೆ ಹೋಗುತ್ತೇವೆ! ಸೆಖೆಯ ಕಥೆ ಬೇರೆ. ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಹಾಗಾಗಿ ಬಯಲಿನಲ್ಲಿ ತಡೆದುಕೊಳ್ಳುವ ಬಿಸಿಲು ಅಲ್ಲಿ ಮಕ್ಕಳನ್ನೂ ಹಿರಿಯರನ್ನೂ ಬೇಗ ಸುಸ್ತು ಮಾಡುತ್ತದೆ. ಮಧ್ಯಾಹ್ನದ ಮೇಲೆ ಇನ್ನೊಂದು ಕಾಟ. ಬೆಳಗಿನಿಂದ ಕಾದ ನೆಲದ ಮೇಲಿನ ತೇವದ ಗಾಳಿ ಮೇಲೇರಿ ಮೋಡವಾಗಿ, ಹೆಚ್ಚಿನ ಕಡೆ ಎರಡು ಮೂರು ಗಂಟೆಯ ಹೊತ್ತಿಗೆ ಮಳೆಯಾಗಿ ಸುರಿಯುತ್ತದೆ.

ಆದ್ದರಿಂದ ಗೇಟು ತೆರೆಯುವ ಹೊತ್ತಿಗೆ ಅಲ್ಲಿರಿ. ದೂರವಾದರೆ ಹಿಂದಿನ ರಾತ್ರಿಯೇ ಹತ್ತಿರದಲ್ಲಿ ಎಲ್ಲಾದರೂ ಉಳಿಯುವುದು ವಾಸಿ. ತಿಂಡಿ ಡಬ್ಬಿಯಲ್ಲಿರಲಿ, ಒಂಬತ್ತಕ್ಕೆ ಅಲ್ಲೇ ತಿನ್ನಬಹುದು, ಒಳಗೆ ತಿನ್ನಲು ಬಿಡುತ್ತಾರಾ ಎಂದು ಮಾತ್ರ ಮೊದಲೇ ಕೇಳಿಕೊಳ್ಳಿ. ಒಂದೇ ಟ್ರೇಲ್ ಆರಿಸಿ. ಲೆಕ್ಕವನ್ನು ನಿಮ್ಮ ಕಾಲಿನದಲ್ಲ, ನಾಲ್ಕು ವರ್ಷದ ಕಾಲಿನದು ಹಾಕಿ. ಬೇರು, ಕೆಸರು, ಪ್ರತಿ ಹುಳಕ್ಕೂ ಒಂದು ನಿಲುಗಡೆ ಎಲ್ಲ ಸೇರಿ ಒಂದು ಕಿಲೋಮೀಟರಿಗೆ ಒಂದು ಗಂಟೆ ಇಟ್ಟುಕೊಳ್ಳಿ. ಹನ್ನೊಂದರ ಹೊತ್ತಿಗೆ ಹೊರಗೆ ಬಂದು ಊಟ ಮಾಡಿ, ಚಿಕ್ಕವನಿಗೆ ಒಂದು ನಿದ್ದೆ ಮಾಡಿಸಿ. ಆಮೇಲೂ ಎಲ್ಲರಿಗೂ ಹುರುಪಿದ್ದು ಆಕಾಶ ತಿಳಿಯಾಗಿದ್ದರೆ ಗೋಪುರ ನೋಡಿ. ಜಲಪಾತ ಈ ಸಲ ಬೇಡ.

ಅತ್ತೆಗಾಗಿ ಮೊದಲೇ ಫೋನ್ ಮಾಡಿ ಮೂರು ವಿಷಯ ಕೇಳಿ. ಹಲಗೆ ಹಾಸಿದ ದಾರಿ ಇದೆಯಾ, ಅದಕ್ಕೆ ಕೈಹಿಡಿ ಇದೆಯಾ, ನಡುನಡುವೆ ಕೂರಲು ಬೆಂಚು ಮತ್ತು ಶೌಚಾಲಯ ಎಷ್ಟು ದೂರಕ್ಕೊಂದು ಇವೆ. "ಸುಲಭದ ದಾರಿ" ಎಂದು ಫಲಕದಲ್ಲಿ ಬರೆದಿದ್ದನ್ನು ನಂಬಬೇಡಿ, ಇಳಿಯುವ ಮೆಟ್ಟಿಲು ಎಷ್ಟು ಎಂದು ಕೇಳಿ, ಮೊಣಕಾಲಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಅಂದಹಾಗೆ, ಎಷ್ಟೋ ಕಾಡುಗಳಿಗೆ ವಾರದ ರಜೆ ಇರುತ್ತದೆ, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಇರುತ್ತದೆ. ಬಾಗಿಲವರೆಗೆ ಹೋಗಿ ಮಕ್ಕಳ ಮುಖ ನೋಡುತ್ತ ವಾಪಸ್ ಬರುವ ಹಾಗೆ ಆಗಬಾರದು.

ಪ್ರಶ್ನೆ: ಕಳೆದ ಸಲ ಹೋದಾಗ ನಾಲ್ಕು ಗಂಟೆ ನಡೆದೆವು, ಒಂದು ಪ್ರಾಣಿಯೂ ಕಾಣಲಿಲ್ಲ. ಮಗ "ಮೃಗಾಲಯವೇ ವಾಸಿ" ಎಂದುಬಿಟ್ಟ. ಮತ್ತೆ ಕರೆದುಕೊಂಡು ಹೋಗಬೇಕಾ?

ಉತ್ತರ: ನಾಲ್ಕು ಗಂಟೆ ನಡೆದದ್ದಕ್ಕೇ ಕಾಣಲಿಲ್ಲ! ನಡೆಯುವವರ ಸದ್ದು ನಮಗಿಂತ ಮುಂದೆ ಹೋಗುತ್ತದೆ. ಮುಂದಿನ ಸಲ ಅರ್ಧ ಗಂಟೆ ನಡೆಯಿರಿ, ಹತ್ತು ನಿಮಿಷ ಕೂತುಬಿಡಿ. ಮೊದಲ ಮೂರು ನಿಮಿಷ ಏನೂ ಆಗುವುದಿಲ್ಲ, ಮಕ್ಕಳು ಕುಂಡೆ ಅಲ್ಲಾಡಿಸುತ್ತಾರೆ. ಐದನೇ ನಿಮಿಷಕ್ಕೆ ಎಲ್ಲೋ ಒಂದು ಎಲೆ ಸರಿಯುತ್ತದೆ.

ಮಳೆಕಾಡಿನ ಬಗ್ಗೆ ಯಾರೂ ಮೊದಲೇ ಹೇಳದ ಮಾತು ಒಂದಿದೆ. ಅಲ್ಲಿಯ ಜೀವಗಳಲ್ಲಿ ಬಹುಪಾಲು ನಮ್ಮ ತಲೆಯ ಮೇಲೆ, ಮರಗಳ ನೆತ್ತಿಯಲ್ಲಿವೆ. ದಟ್ಟ ಕಾಡಿನಲ್ಲಿ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎರಡು ಪಾಲು ಕೂಡ ನೆಲಕ್ಕೆ ಇಳಿಯುವುದು ಕಷ್ಟ. ಎಲೆ, ಹೂವು, ಹಣ್ಣು ಎಲ್ಲ ಮೇಲೆ, ಹಾಗಾಗಿ ತಿನ್ನುವವರೂ ಮೇಲೆ. ಮರದ ತುದಿಯ ಮಟ್ಟದಲ್ಲಿ ತೂಗುಸೇತುವೆ ಇದ್ದರೆ ಬೆಳಿಗ್ಗೆ ಮೊದಲು ಅದಕ್ಕೇ ಹೋಗಿ. ಇಲ್ಲವಾದರೆ ಹಣ್ಣು ಬಿಟ್ಟ ಅತ್ತಿಯ ಜಾತಿಯ ಮರ ಎಲ್ಲಿದೆ ಎಂದು ಗೈಡನ್ನು ಕೇಳಿ, ಅದು ಸಿಕ್ಕರೆ ಅರ್ಧ ಯೋಜನೆ ಅಲ್ಲೇ ಮುಗಿಯಿತು. ಹಕ್ಕಿ, ಮಂಗ, ಅಳಿಲು ಎಲ್ಲ ಅಲ್ಲಿಗೇ ಬರುತ್ತವೆ, ನಾವು ಕೆಳಗೆ ಸ್ವಲ್ಪ ದೂರದಲ್ಲಿ ಕೂತರೆ ಸಾಕು. ಇನ್ನೊಂದು: ಅರ್ಧ ಗಂಟೆ ಕಾಡು ಪೂರ್ತಿ ಖಾಲಿ ಅನಿಸಿ, ಇದ್ದಕ್ಕಿದ್ದಂತೆ ಹತ್ತು ಜಾತಿಯ ಹಕ್ಕಿಗಳು ಒಟ್ಟಿಗೆ ತಲೆಯ ಮೇಲೆ ಹಾದುಹೋಗುವುದುಂಟು. ಬೇರೆ ಬೇರೆ ಜಾತಿಯ ಹಕ್ಕಿಗಳು ಅಲ್ಲಿ ಗುಂಪು ಕಟ್ಟಿಕೊಂಡೇ ಹುಳ ಹುಡುಕುತ್ತವೆ. ಆ ಎರಡು ನಿಮಿಷದಲ್ಲಿ ಯಾರೂ ಬ್ಯಾಗಿನ ಜಿಪ್ಪು ಎಳೆಯಬಾರದು, ಅಷ್ಟೇ.

ಮಗನಿಗೆ ಹುಲಿ ಚಿರತೆಯ ಆಸೆ ತೋರಿಸಿ ಕರೆದುಕೊಂಡು ಹೋಗಬೇಡಿ. ಸಣ್ಣದನ್ನು ತೋರಿಸಿ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡಾದರೆ ಎಲೆ ಕತ್ತರಿಸುವ ಇರುವೆಗಳಿವೆ. ಆ ಎಲೆಯನ್ನು ಅವು ತಿನ್ನುವುದಿಲ್ಲ, ಗೂಡಿಗೆ ಹೊತ್ತು ಅದರ ಮೇಲೆ ಶಿಲೀಂಧ್ರ ಬೆಳೆಸಿ ಅದನ್ನು ತಿನ್ನುತ್ತವೆ, ಅಂದರೆ ಬೇಸಾಯ! ಏಷ್ಯಾ, ಆಫ್ರಿಕಾದ ಕಡೆ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪಿರುವೆಗಳಿವೆ, ದಾರ ಬರುವುದು ಅವುಗಳ ಮರಿಹುಳದಿಂದ. ನೋಡಿ, ಮುಟ್ಟಬೇಡಿ, ಚೆನ್ನಾಗಿ ಕಚ್ಚುತ್ತವೆ. ನಮ್ಮ ಆ ಹಾಳಾದ ಪ್ರವಾಸದಲ್ಲಿ ನನ್ನ ಮಗನಿಗೆ ಇವತ್ತಿಗೂ ನೆನಪಿರುವುದು ಇರುವೆಯೇ.

ಬೈನಾಕ್ಯುಲರ್ ಇದ್ದರೆ ಒಯ್ಯಿರಿ. 8x32 ಎಂದಿದ್ದರೆ ಎಂಟು ಪಟ್ಟು ಹತ್ತಿರ, ಮುಂದಿನ ಗಾಜು 32 ಮಿಲಿಮೀಟರ್ ಅಗಲ ಎಂದರ್ಥ. ಮಕ್ಕಳಿಗೆ ಎಂಟಕ್ಕಿಂತ ಜಾಸ್ತಿ ಬೇಡ, ಕೈ ನಡುಗಿದರೆ ಏನೂ ಕಾಣುವುದಿಲ್ಲ. ತಿರುಗಿಸಿ ಹಿಡಿದು, ಕಣ್ಣಿಡುವ ಗಾಜನ್ನು ಎಲೆಯ ಹತ್ತಿರ, ತೀರಾ ಹತ್ತಿರ ತಂದರೆ ಅದೇ ಭೂತಗನ್ನಡಿಯಾಗುತ್ತದೆ. ಮಗನಿಗೆ ಇದನ್ನು ಮನೆಯಲ್ಲೇ ಕಲಿಸಿ ಕರೆದುಕೊಂಡು ಹೋಗಿ.

ಪ್ರಶ್ನೆ: ಜಿಗಣೆ! ಉಪ್ಪು ಒಯ್ಯಬೇಕಾ, ಬೆಂಕಿಪೊಟ್ಟಣ ಒಯ್ಯಬೇಕಾ? ಸೊಳ್ಳೆಗೆ ಏನು ಹಚ್ಚಬೇಕು? ಹತ್ತು ತಿಂಗಳ ಕೂಸೂ ನಮ್ಮ ಜೊತೆಗೆ ಇರುತ್ತದೆ.

ಉತ್ತರ: ಎರಡೂ ಬೇಡ. ಉಪ್ಪು ಹಾಕಿದರೆ, ಬಿಸಿ ತಾಗಿಸಿದರೆ ಜಿಗಣೆ ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಕ್ಕೇ ಕಕ್ಕಬಹುದು, ಅದರಿಂದ ಸೋಂಕು. ಬೆರಳಿನ ಉಗುರನ್ನು ಚರ್ಮಕ್ಕೆ ಒತ್ತಿ, ಅದು ಕಚ್ಚಿಕೊಂಡ ತುದಿಯ ಕಡೆಯಿಂದ ಪಕ್ಕಕ್ಕೆ ಸರಿಸಿ, ಬಿಟ್ಟುಕೊಳ್ಳುತ್ತದೆ. ರಕ್ತ ಸುಮಾರು ಹೊತ್ತು ಒಸರುತ್ತದೆ, ಗಾಬರಿ ಬೇಡ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿದೆ. ತೊಳೆದು ಒತ್ತಿ ಹಿಡಿದು ಪಟ್ಟಿ ಹಾಕಿ. ಮನೆಯಲ್ಲಿ ಯಾರಾದರೂ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಳೆಗಾಲದಲ್ಲಿ ಅವರನ್ನು ಹುಲ್ಲಿನ ದಾರಿಗೆ ಕರೆದುಕೊಂಡು ಹೋಗಬೇಡಿ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ತಿಳಿ ಬಣ್ಣದ್ದು ಹಾಕಿಕೊಳ್ಳಿ. ನೋಡಲು ಚೆಂದ ಇರುವುದಿಲ್ಲ ನಿಜ, ಆದರೆ ಹತ್ತುವ ಜಿಗಣೆ ದೂರದಿಂದಲೇ ಕಾಣುತ್ತದೆ.

ನನಗೆ ಜಿಗಣೆಗಿಂತ ಉಣ್ಣಿಯ ಹೆದರಿಕೆ ಜಾಸ್ತಿ, ಅದು ರೋಗ ತರಬಲ್ಲದು. ವಾಪಸ್ ಬಂದ ತಕ್ಷಣ ಮಕ್ಕಳ ಕಿವಿಯ ಹಿಂದೆ, ಕಂಕುಳು, ಮೊಣಕಾಲಿನ ಸಂದು, ಸೊಂಟ ಎಲ್ಲ ನೋಡಿ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರ ಎಳೆಯಿರಿ, ತಿರುಚಬೇಡಿ. ಮುಂದಿನ ವಾರಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ.

ಡೆಂಗಿ ಹರಡುವ ಸೊಳ್ಳೆ ಹಗಲಿನಲ್ಲೇ ಕಚ್ಚುತ್ತದೆ, ಆದ್ದರಿಂದ ಸಂಜೆಗೆ ಹಚ್ಚೋಣ ಎಂದು ಕಾಯಬೇಡಿ. ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಸೊಳ್ಳೆಯ ಔಷಧ. ಕೂಸಿನ ಅಂಗೈ, ಬಾಯಿ, ಕಣ್ಣಿನ ಹತ್ತಿರ ಹಚ್ಚಬಾರದು, ಕೈ ಬಾಯಿಗೆ ಹೋಗುತ್ತದಲ್ಲ. ಯಾವುದು ಹಚ್ಚಬೇಕು ಎಂದು ನಿಮ್ಮ ಮಕ್ಕಳ ಡಾಕ್ಟರನ್ನೇ ಕೇಳಿ, "ಗಿಡಮೂಲಿಕೆ" ಎಂದು ಬರೆದದ್ದೆಲ್ಲ ಕೂಸಿಗೆ ಆಗುವುದಿಲ್ಲ. ನಿಂಬೆ ವಾಸನೆಯ ನೀಲಗಿರಿ ಎಣ್ಣೆಯಿಂದ ಮಾಡುವ ಔಷಧವನ್ನು ಮೂರು ವರ್ಷದೊಳಗಿನವರಿಗೆ ಹಚ್ಚಬಾರದು.

ಪ್ರಶ್ನೆ: ಮಂಗಗಳು ಚೀಲ ಕಿತ್ತುಕೊಳ್ಳುತ್ತವಂತೆ, ಏನು ಮಾಡುವುದು?

ಉತ್ತರ: ಪ್ಲಾಸ್ಟಿಕ್ ಚೀಲ ಕೈಯಲ್ಲಿ ಹಿಡಿಯಬೇಡಿ. ಜನ ತಿನ್ನಿಸಿ ತಿನ್ನಿಸಿ ಚೀಲ ಎಂದರೆ ತಿಂಡಿ ಎಂದು ಅವಕ್ಕೆ ಕಲಿಸಿದ್ದಾರೆ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಹಲ್ಲು ಕಿರಿಯುತ್ತಿದ್ದರೆ ಅದು ನಗುವಲ್ಲ, ಅದಕ್ಕೆ ಹೆದರಿಕೆಯಾಗಿದೆ ಅಥವಾ ಸಿಟ್ಟು ಬಂದಿದೆ. ಓಡದೆ ನಿಧಾನಕ್ಕೆ ಹಿಂದೆ ಸರಿಯಿರಿ. ಕಿತ್ತುಕೊಂಡರೆ ಬಿಟ್ಟುಬಿಡಿ, ಎಳೆದಾಡಬೇಡಿ. ಕಚ್ಚಿದರೆ ಅಥವಾ ಪರಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ, ರೇಬೀಸ್ ಲಸಿಕೆಯ ಮಾತಿರುತ್ತದೆ.

ಪ್ರಶ್ನೆ: ಟ್ರೇಲಿನ ನಡುವೆ ಗುಡುಗು ಶುರುವಾದರೆ ಮರದ ಕೆಳಗೆ ನಿಲ್ಲಬಹುದಾ?

ಉತ್ತರ: ಒಂಟಿಯಾಗಿ ಎತ್ತರಕ್ಕಿರುವ ಮರದ ಕೆಳಗೆ ಖಂಡಿತ ಬೇಡ. ಗೋಪುರ ಅದಕ್ಕಿಂತ ಕೆಟ್ಟದ್ದು. ಮಿಂಚು ಕಂಡ ಮೇಲೆ ಸೆಕೆಂಡು ಎಣಿಸಿ, ಗುಡುಗು ಕೇಳುವ ಹೊತ್ತಿಗೆ ಬಂದ ಲೆಕ್ಕವನ್ನು ಮೂರರಿಂದ ಭಾಗಿಸಿ, ಅಷ್ಟು ಕಿಲೋಮೀಟರ್ ದೂರದಲ್ಲಿದೆ. ಮೂವತ್ತು ಸೆಕೆಂಡಿನೊಳಗೆ ಕೇಳಿದರೆ ಗಟ್ಟಿ ಕಟ್ಟಡಕ್ಕೋ ಕಾರಿನೊಳಕ್ಕೋ ಹೋಗುವ ಹೊತ್ತಾಯಿತು. ಗೋಡೆ ಇಲ್ಲದ ಮಂಟಪ ಮಳೆಗಾಯಿತು, ಸಿಡಿಲಿಗಲ್ಲ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಹಳ್ಳದಲ್ಲಿ ಮಕ್ಕಳು ಆಡುತ್ತಿರುವಾಗ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಕಸಕಡ್ಡಿ ತೇಲಿಬಂದರೆ, ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ದಡ ಬಿಟ್ಟು ಮೇಲೆ ಹತ್ತಿ. ಮೇಲ್ಗಡೆ ಮಳೆಯಾಗಿರುತ್ತದೆ.

ಪ್ರಶ್ನೆ: ಅಪ್ಪನಿಗೆ ಗಾಲಿಕುರ್ಚಿ. ನಮ್ಮಂಥವರಿಗೆ ಕಾಡು ಇಲ್ಲವೇ ಇಲ್ಲವಾ?

ಉತ್ತರ: ಇದೆ. ಕಾಂಡ್ಲಾ ಕಾಡು ನೋಡಿ, ಅಂದರೆ ಸಮುದ್ರದ ಉಬ್ಬರದ ನೀರು ಬಂದುಹೋಗುವ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡು. ಕೆಸರಿನ ಮೇಲೆ ನಡೆಯಲಾಗದ ಕಾರಣ ಅಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಹಲಗೆಯ ದಾರಿಯೇ, ಮಟ್ಟಸವಾಗಿಯೂ ಇರುತ್ತದೆ. ಗಾಲಿ ಹೋಗುವಷ್ಟು ಅಗಲ ಇದೆಯಾ, ನಡುವೆ ಮೆಟ್ಟಿಲು ಇಲ್ಲ ತಾನೇ ಎಂದು ಕೇಳಿಕೊಂಡರೆ ಆಯಿತು.

ಆದರೆ ಇಲ್ಲಿ ಗಡಿಯಾರಕ್ಕಿಂತ ಮೊದಲು ಉಬ್ಬರ ಇಳಿತದ ಪಟ್ಟಿ ನೋಡಬೇಕು. ಇಳಿತದಲ್ಲಿ ಕೆಸರು ತೆರೆದುಕೊಳ್ಳುತ್ತದೆ, ಒಂದು ದೊಡ್ಡ ಕೊಂಡಿ ಬೀಸಿ ಹೆಣ್ಣನ್ನು ಕರೆಯುವ ಗಂಡು ಏಡಿಗಳು, ನೀರು ಬಿಟ್ಟು ಕೆಸರಿನ ಮೇಲೆ ಜಿಗಿಯುವ ಮಡ್‌ಸ್ಕಿಪ್ಪರ್ ಮೀನು ಎಲ್ಲ ಆಗ ಕಾಣುತ್ತವೆ. ಮೀನು ದಡದಲ್ಲಿ ನಡೆಯುವುದನ್ನು ನೋಡಿದ ಮಕ್ಕಳು ಆಮೇಲೆ ಕಾರು ಹತ್ತುವುದಿಲ್ಲ! ಉಬ್ಬರ ಬಂದರೆ ಇದೆಲ್ಲ ನೀರಿನಡಿಗೆ. ಹಕ್ಕಿಗಳ ಲೆಕ್ಕ ಕೆಲವು ಕಡೆ ಉಲ್ಟಾ. ಸಿಂಗಪುರದ ಸುಂಗೈ ಬುಲೋ ಎಂಬ ಕಾಂಡ್ಲಾ ಕಾಡಿನಲ್ಲಿ ಸೆಪ್ಟೆಂಬರಿನಿಂದ ಮಾರ್ಚಿಯವರೆಗೆ ವಲಸೆ ಹಕ್ಕಿಗಳಿರುತ್ತವೆ, ಹೊರಗಿನ ಕೆಸರು ಮುಳುಗುವ ಉಬ್ಬರದಲ್ಲಿ ಅವು ಒಳಗಿನ ಕೊಳಗಳಿಗೆ ಬಂದು ಕೂರುತ್ತವೆ. ಉಬ್ಬರ ಇಳಿತದ ಸಮಯ ದಿನಾ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಹಾಗಾಗಿ ಕಳೆದ ವಾರ ಹೋದವರು ಹೇಳಿದ ಹೊತ್ತು ನಿಮಗೆ ಉಪಯೋಗಕ್ಕೆ ಬಾರದು.

ಪ್ರಶ್ನೆ: ಮಗಳಿಗೆ 15. ಹಕ್ಕಿಯ ಕೂಗನ್ನು ಫೋನಿನಲ್ಲಿ ಹಾಕಿದರೆ ಹಕ್ಕಿ ಹತ್ತಿರ ಬರುತ್ತದಂತೆ, ನಿಜವಾ?

ಉತ್ತರ: ನಿಜ, ಅದಕ್ಕೇ ಮಾಡಬಾರದು. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತು ಎಂದುಕೊಂಡು ಜಗಳಕ್ಕೆ ಬರುತ್ತದೆ. ಮರಿಗೆ ತಿನ್ನಿಸುವುದನ್ನು ಬಿಟ್ಟು ಬಂದಿರಲೂಬಹುದು. ಫೋಟೋ ಹುಚ್ಚಿದ್ದರೆ ಅವಳಿಗೆ ಬೇರೊಂದು ಗುಟ್ಟು ಹೇಳಿಕೊಡಿ: ಎಸಿ ಕಾರಿನಿಂದ ಇಳಿದ ತಕ್ಷಣ ಕ್ಯಾಮೆರಾ ಹೊರಗೆ ತೆಗೆದರೆ ಗಾಜಿಗೆ ಮಂಜು ಹಿಡಿಯುತ್ತದೆ, ಅರ್ಧ ಗಂಟೆ ಬ್ಯಾಗಿನಲ್ಲೇ ಇಟ್ಟು ಹೊರಗಿನ ಬಿಸಿಗೆ ಹೊಂದಲು ಬಿಡಬೇಕು.

ಪ್ರಶ್ನೆ: ಮೇಡಂ, ನಾನು ಎರಡನೇ ಕ್ಲಾಸು. ಕಾಡಿನಿಂದ ಒಂದು ಗರಿ ಮತ್ತು ಒಂದು ಬೀಜ ಮನೆಗೆ ತರಬಹುದಾ? (ಅಮ್ಮನ ಕೈಬರಹದಲ್ಲಿ ಬಂದ ಪತ್ರ)

ಉತ್ತರ: ತರುವ ಹಾಗಿಲ್ಲ ಪುಟ್ಟಿ. ಬೇಜಾರಾಯಿತಾ? ನೆಲದಲ್ಲಿ ಬಿದ್ದ ಬೀಜಕ್ಕೂ ಗಿರಾಕಿಗಳಿದ್ದಾರೆ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಅಗೂಟಿ ಎಂಬ ಮೊಲದಷ್ಟು ದೊಡ್ಡ ಪ್ರಾಣಿ ಇದೆ, ಬೀಜಗಳನ್ನು ಅಲ್ಲಲ್ಲಿ ಹೂತಿಟ್ಟು, ಕೆಲವನ್ನು ಎಲ್ಲಿಟ್ಟೆ ಎಂದು ಮರೆತುಬಿಡುತ್ತದೆ, ಅವು ಮರವಾಗುತ್ತವೆ. ಕಪ್ಪೆ ಸಿಕ್ಕರೂ ಮುಟ್ಟಬೇಡ. ಅದು ಚರ್ಮದಿಂದಲೂ ಉಸಿರಾಡುತ್ತದೆ, ನಿನ್ನ ಕೈಗೆ ಹಚ್ಚಿದ ಕ್ರೀಮು ಅದಕ್ಕೆ ಆಗುವುದಿಲ್ಲ. ಗರಿ, ಬೀಜ ಎರಡನ್ನೂ ಅಲ್ಲೇ ಕೂತು ಪುಸ್ತಕದಲ್ಲಿ ಬರೆದುಕೋ, ಅಮ್ಮ ಅವಸರ ಮಾಡಿದರೆ ನನ್ನ ಹೆಸರು ಹೇಳು. ಪೆನ್ನು ಬೇಡ, ಪೆನ್ಸಿಲ್ ಒಯ್ಯಿ, ಅಲ್ಲಿಯ ತೇವಕ್ಕೆ ಕಾಗದ ಮೆತ್ತಗಾಗಿ ಶಾಯಿ ಹರಡುತ್ತದೆ.