ಎರಡು ಮಳೆಗಾಲ ನಿಂತ ಮಾರುತಿ 800 ಮಿಸ್ ಹೊಡೀತಿದ್ರೆ

ಕಾರವಾರದ ಮನೆ ಶೆಡ್ಡಿನಲ್ಲಿ ಎರಡು ಮಳೆಗಾಲ ನಿಂತ ಗಾಡಿ, ಪ್ಲಗ್ ಹೊಸದು ಹಾಕಿದ್ರೂ ಐಡ್ಲಿಂಗಿನಲ್ಲಿ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ) ನಡುಗುತ್ತೆ ಅಂತ ಒಬ್ಬರು ಕೇಳಿದ್ದಾರೆ. ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸೋ ಭಾಗ) ಬಿಚ್ಚೋಕೆ ಅವಸರ ಬೇಡ. (ಗ್ಯಾರೇಜಿನವರು ಮೊದಲು ಅದಕ್ಕೇ ಕೈ ಹಾಕ್ತಾರೆ, ಬಿಡಿ.) ಎಂಜಿನ್ ಓಡ್ತಿರುವಾಗ, ರಬ್ಬರ್ ಹಿಡಿಯ ಇಕ್ಕಳದಲ್ಲಿ ಪ್ಲಗ್ ವೈರ್ ಒಂದೊಂದೇ ಎಳೆದು ನೋಡಿ. ಯಾವುದನ್ನು ಎಳೆದಾಗ ಸದ್ದು ಬದಲಾಗಲ್ವೋ ಆ ಸಿಲಿಂಡರ್ ಕೆಲಸ ಮಾಡ್ತಿಲ್ಲ.

ಆಮೇಲೆ ಎಂಜಿನ್ ನಿಲ್ಲಿಸಿ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚೋ ಭಾಗ) ಕ್ಯಾಪ್ ತೆಗೀರಿ. ಉಪ್ಪುಗಾಳಿಗೆ ಕ್ಯಾಪಿನ ಒಳಗಿನ ಲೋಹದ ಪಾಯಿಂಟುಗಳ ಮೇಲೆ ಬಿಳಿ, ಹಸಿರು ಕಿಲುಬು ಕೂತಿರುತ್ತೆ. ನಯವಾದ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ. ರಾತ್ರಿ ಲೈಟ್ ಆರಿಸಿ ಬಾನೆಟ್ ಎತ್ತಿ ಸ್ಟಾರ್ಟ್ ಮಾಡಿ, ಕರೆಂಟ್ ಸೋರುವ ವೈರ್ ಇದ್ದರೆ ಕಿಡಿ ಕಾಣುತ್ತೆ. ಇಲಿ ಕಡಿದಿದ್ದರೂ ಅಲ್ಲೇ ಗೊತ್ತಾಗುತ್ತೆ.

ವೈರ್ ಎಳೆದು ನೋಡಿದಾಗ ಮೂರೂ ಸಿಲಿಂಡರ್ ಒಂದೇ ಥರ ಇದ್ದು, ಚೋಕ್ (ಎಂಜಿನ್ನಿಗೆ ಹೋಗೋ ಗಾಳಿ ಕಡಿಮೆ ಮಾಡೋದು) ಎಳೆದಾಗ ನಡುಕ ಕಡಿಮೆಯಾದ್ರೆ ಮಾತ್ರ ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಬರೋ ಸಣ್ಣ ತೂತು) ಕಟ್ಟಿರೋ ಅನುಮಾನ. ಟ್ಯಾಂಕಿನ ಹಳೇ ಪೆಟ್ರೋಲ್ ಹೇಗೂ ಖಾಲಿ ಮಾಡಿಸಿ, ಎಥೆನಾಲ್ ಬೆರೆತದ್ದು ನೀರು ಹೀರಿಕೊಳ್ಳುತ್ತೆ.