ಸ್ವಿಚ್ ಫರ್ಮ್‌ವೇರ್ ನಂಬರ್‌ಗಳಲ್ಲಿ ಯಾವುದು ಲೇಟೆಸ್ಟ್ ಎಂದು ತಿಳಿಯುವುದು ಹೇಗೆ?

ನಿಮ್ಮ ನೆಟ್‌ವರ್ಕ್ ಸ್ವಿಚ್‌ನಲ್ಲಿ (ಕಂಪ್ಯೂಟರ್, ಫೋನ್‌ಗಳನ್ನು ಕೇಬಲ್‌ನಿಂದ ಜೋಡಿಸುವ ಪೆಟ್ಟಿಗೆಯಲ್ಲಿ) ಫರ್ಮ್‌ವೇರ್, ಅಂದರೆ ಅದರೊಳಗೆ ಓಡುವ ಸಾಫ್ಟ್‌ವೇರ್, 1.9.8 ಇದೆ. ಕಂಪನಿಯ ಡೌನ್‌ಲೋಡ್ ಪಟ್ಟಿಯಲ್ಲಿ 1.10.3 ಮತ್ತು 2.0.1 ಎರಡೂ ಇವೆ, ಆದರೆ 1.10.3ರ ತಾರೀಕು 2.0.1ಕ್ಕಿಂತ ಈಚಿನದು. ಯಾವುದು ಲೇಟೆಸ್ಟ್ ಅಂತ ಕೇಳಿದ್ದೀರಿ. ಓದಿದ ತಕ್ಷಣ ಬರೆಯಲು ಕೂತೆ. ಹೆಚ್ಚುಕಡಿಮೆ ಇಂಥದೇ ನಂಬರ್‌ಗಳು ನನ್ನ ಎರಡು ಹಗಲು, ಎರಡು ರಾತ್ರಿ ನುಂಗಿಹಾಕಿವೆ.

ಆಗ ನಾನು ಒಂದು ಕಚೇರಿಯ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಒಟ್ಟು 23 ಸ್ವಿಚ್, ಎಲ್ಲ ಒಂದೇ ಮಾಡೆಲ್. ಬೇರೆ ಬೇರೆ ಸಮಯದಲ್ಲಿ ಕೊಂಡದ್ದರಿಂದ ಒಳಗಿನ ಫರ್ಮ್‌ವೇರ್ ಮಾತ್ರ ಬೇರೆ ಬೇರೆ. ಆರರಲ್ಲಿ 1.8 ಸಾಲಿನದು, ಮೂರರಲ್ಲಿ 1.9.8, ಉಳಿದ ಹದಿನಾಲ್ಕರಲ್ಲಿ 1.10.3. ಒಂದು ದಿನ ಕಂಪನಿಯಿಂದ ಸೂಚನೆ ಬಂತು. ಲಾಗಿನ್ ಪುಟದಲ್ಲಿ ಒಂದು ಭದ್ರತಾ ದೋಷ ಇದೆ, 1.9.8 ಅಥವಾ ಅದಕ್ಕಿಂತ ಹೊಸದನ್ನು ಹಾಕಿ ಅಂತ. ನನಗೆ ಅದು ಸುಲಭದ ಕೆಲಸವಾಗಿ ಕಂಡಿತು. 1.9.8ಕ್ಕಿಂತ ಹಳೆಯದು ಇರುವ ಎಲ್ಲ ಸ್ವಿಚ್‌ಗೂ 1.9.8 ಹಾಕುವ ಒಂದು ಸ್ಕ್ರಿಪ್ಟ್ (ತಾನಾಗೇ ಓಡುವ ಪುಟ್ಟ ಪ್ರೋಗ್ರಾಂ) ಬರೆದೆ.

ಆ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಸ್ಕ್ರಿಪ್ಟ್ ಎರಡು ವರ್ಷನ್‌ಗಳನ್ನು ಅಕ್ಷರಗಳಂತೆ ಹೋಲಿಸುತ್ತಿತ್ತು, ಸಂಖ್ಯೆಗಳಂತೆ ಅಲ್ಲ. ನಿಘಂಟಿನಲ್ಲಿ ‘ಕಾರ್ಮೋಡ’ ಎಷ್ಟೇ ಉದ್ದ ಇದ್ದರೂ ‘ಗಜ’ಕ್ಕಿಂತ ಮೊದಲು ಬರುತ್ತದೆ, ಅಲ್ವಾ? ಮೊದಲ ಅಕ್ಷರ ನೋಡಿಯೇ ತೀರ್ಮಾನ. ಹಾಗೆಯೇ 1.10.3 ಮತ್ತು 1.9.8 ಎದುರುಬದುರಾದಾಗ ‘1.’ ತನಕ ಎರಡೂ ಒಂದೇ. ಆಮೇಲೆ ಒಂದು ಕಡೆ 1, ಇನ್ನೊಂದು ಕಡೆ 9. ಒಂಬತ್ತು ದೊಡ್ಡದು, ತೀರ್ಮಾನ ಮುಗಿಯಿತು. ಆ 1ರ ಪಕ್ಕದಲ್ಲಿ ಒಂದು ಸೊನ್ನೆ ಇದೆ, ಅದು ಹತ್ತು, ಅನ್ನುವುದನ್ನು ಯಾರೂ ನೋಡಲೇ ಇಲ್ಲ. ಹದಿನಾಲ್ಕು ಸ್ವಿಚ್‌ಗಳು ‘ಹಳೆಯವು’ ಎಂಬ ಪಟ್ಟಿಗೆ ಸೇರಿಬಿಟ್ಟವು.

ಸ್ಕ್ರಿಪ್ಟನ್ನೇ ಪೂರ್ತಿ ದೂರುವುದು ಸರಿಯಲ್ಲ. ಆ ಪಟ್ಟಿಯನ್ನು ನಾನು ಕಣ್ಣಾರೆ ನೋಡಿ ಒಪ್ಪಿದ್ದೆ. ನನ್ನ ತಲೆಯಲ್ಲೂ 1.10 ಅಂದರೆ ಒಂದು ಪಾಯಿಂಟ್ ಒಂದು ಸೊನ್ನೆ, ಅಂದರೆ 1.1. ಶಾಲೆಯಲ್ಲಿ ಕಲಿತ ದಶಮಾಂಶ. ಸ್ಪ್ರೆಡ್‌ಶೀಟ್‌ಗಳೂ ಇದೇ ತಪ್ಪು ಮಾಡುತ್ತವೆ. ಸುಮ್ನೆ 1.10 ಅಂತ ಟೈಪ್ ಮಾಡಿ ನೋಡಿ, ಸಾಮಾನ್ಯವಾಗಿ ಕೊನೆಯ ಸೊನ್ನೆ ಮಾಯವಾಗಿ 1.1 ಆಗುತ್ತದೆ. ಆದರೆ ವರ್ಷನ್‌ನಲ್ಲಿರುವ ಚುಕ್ಕೆ ದಶಮಾಂಶದ ಚುಕ್ಕೆ ಅಲ್ಲವೇ ಅಲ್ಲ. ಅದು ಪುಸ್ತಕದ ಅಧ್ಯಾಯದ ಚುಕ್ಕೆ. ಒಂದನೇ ಅಧ್ಯಾಯದ ಒಂಬತ್ತನೇ ಭಾಗ ಮುಗಿದ ಮೇಲೆ ಹತ್ತನೇ ಭಾಗ ಬರುತ್ತದೆ. 1.9 ಆದ ಮೇಲೆ 1.10, ಆಮೇಲೆ 1.11. ಪ್ರತಿ ಚುಕ್ಕೆಯ ನಡುವಿನದನ್ನು ಬೇರೆ ಪೂರ್ಣ ಸಂಖ್ಯೆಯಾಗಿ ಓದಬೇಕು, ಎಡದಿಂದ ಬಲಕ್ಕೆ ಒಂದೊಂದಾಗಿ ಹೋಲಿಸಬೇಕು.

ಟೆಸ್ಟ್ ಮಾಡಲಿಲ್ಲವೇ ಅಂತ ಕೇಳುತ್ತೀರಿ. ಮಾಡಿದ್ದೆ. 1.8 ಇದ್ದ ಒಂದು ಸ್ವಿಚ್ ಮೇಲೆ ಸಂಜೆ ಓಡಿಸಿದೆ. ಚೆನ್ನಾಗಿ ಎದ್ದು ಬಂತು. ಅದು ನಿಜವಾದ ಅಪ್‌ಗ್ರೇಡ್ ಆಗಿತ್ತು, ಬರಲೇಬೇಕು. ಆದರೆ ಆ ಟೆಸ್ಟ್‌ನಲ್ಲಿ ಸ್ವಿಚ್ ‘ರೀಬೂಟ್ ಆಗುತ್ತದೆ, ಮುಂದುವರಿಸಲೇ?’ ಅಂತ ಕೇಳಿತು. ಹಾಗಾಗಿ ಯಾವ ಪ್ರಶ್ನೆ ಬಂದರೂ ‘ಹೌದು’ ಎನ್ನುವಂತೆ ಸ್ಕ್ರಿಪ್ಟ್ ತಿದ್ದಿದೆ. ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಇದೇ. ರಾತ್ರಿ ಆ ಹದಿನಾಲ್ಕು ಸ್ವಿಚ್‌ಗಳಲ್ಲಿ ಪ್ರತಿಯೊಂದೂ ‘ಈಗ ಓಡುತ್ತಿರುವುದಕ್ಕಿಂತ ಇದು ಹಳೆಯದು, ಬೇಕೇ?’ ಎಂದು ಕೇಳಿದೆ. ಲಾಗ್‌ನಲ್ಲಿ ಹದಿನಾಲ್ಕು ಸಲ ಆ ಸಾಲು ಇದೆ. ಹದಿನಾಲ್ಕು ಸಲ ನನ್ನ ಸ್ಕ್ರಿಪ್ಟ್ ಹೌದು ಎಂದಿದೆ.

ಹಳೆಯ ಫರ್ಮ್‌ವೇರ್‌ಗೆ ಹೊಸದರ ಕಾನ್ಫಿಗ್ (ಸೆಟ್ಟಿಂಗ್‌ಗಳ ಫೈಲ್) ಅರ್ಥ ಆಗಲಿಲ್ಲ. 1.10ರಲ್ಲಿ ಪಾಸ್‌ವರ್ಡನ್ನು ಬೇರೆ ಬಗೆಯ ಹ್ಯಾಶ್‌ನಲ್ಲಿ (ಗುರುತು ಸಿಗದಂತೆ ಬದಲಿಸಿದ ರೂಪದಲ್ಲಿ) ಇಡಲು ಶುರು ಮಾಡಿದ್ದರು. 1.9.8ಗೆ ಅದು ಓದಲು ಬರದೆ ಆ ಸಾಲನ್ನೇ ಬಿಟ್ಟುಬಿಟ್ಟಿತು. ವಿಲ್ಯಾನ್ (ಒಂದೇ ನೆಟ್‌ವರ್ಕನ್ನು ಬೇರೆ ಬೇರೆ ಗುಂಪುಗಳಾಗಿ ವಿಂಗಡಿಸುವುದು) ಬರೆಯುವ ರೀತಿಯೂ ಬದಲಾಗಿತ್ತು, ಹಾಗಾಗಿ ಟ್ರಂಕ್ ಪೋರ್ಟ್‌ಗಳೂ, ಅಂದರೆ ಆ ಗುಂಪುಗಳನ್ನೆಲ್ಲ ಒಂದು ಸ್ವಿಚ್‌ನಿಂದ ಇನ್ನೊಂದಕ್ಕೆ ಸಾಗಿಸುವ ಪೋರ್ಟ್‌ಗಳೂ, ಹೋದವು. ದೂರದಿಂದ ತಲುಪುವ ಹಾಗಿಲ್ಲ, ಹತ್ತಿರ ಹೋದರೂ ಲಾಗಿನ್ ಆಗುವ ಹಾಗಿಲ್ಲ. ಸ್ವಿಚ್‌ಗೆ ನೇರವಾಗಿ ಜೋಡಿಸುವ ಕನ್ಸೋಲ್ ಕೇಬಲ್ ಹಿಡಿದು ಮಹಡಿಯಿಂದ ಮಹಡಿಗೆ ಹೊರಟೆ. ಪಾಸ್‌ವರ್ಡ್ ರಿಕವರಿ ಮಾಡಿದರೆ ಕಾನ್ಫಿಗ್ ಪೂರ್ತಿ ಅಳಿಸುತ್ತದೆ. ಮೊದಲು ಅದನ್ನು ಮಾಡಿ, ಆಮೇಲೆ 1.10.3 ಮತ್ತೆ ಹಾಕಿ, ಆಮೇಲೆ ಬ್ಯಾಕಪ್ ಸುರಿಯಬೇಕು. ಹೀಗೆ ಒಂಬತ್ತು ಸ್ವಿಚ್ ಮಾಡಿದೆ. ಅದರಲ್ಲಿ ಮೂರಕ್ಕೆ ಬ್ಯಾಕಪ್ಪೇ ಇರಲಿಲ್ಲ. ಯಾವ ಪೋರ್ಟ್‌ನಲ್ಲಿ ಫೋನ್, ಯಾವುದರಲ್ಲಿ ಕ್ಯಾಮೆರಾ ಅಂತ ಕೇಬಲ್ ಹಿಡಿದು ಹುಡುಕುತ್ತಾ ಹೋದೆ.

ಹತ್ತನೆಯದಕ್ಕೆ ಬಂದಾಗ ಬೂಟ್ ಮೆನುವಿನಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ಫ್ಲಾಶ್‌ನಲ್ಲಿ (ಸ್ವಿಚ್ ಒಳಗಿನ ಶಾಶ್ವತ ಮೆಮೊರಿಯಲ್ಲಿ) ಎರಡು ಇಮೇಜ್ ಸ್ಲಾಟ್, ಅಂದರೆ ಫರ್ಮ್‌ವೇರ್ ಇಡುವ ಜಾಗ, ಇದ್ದವು. ಹೊಸದಾಗಿ ಹಾಕಿದ್ದು ಒಂದರಲ್ಲಿ, ಮುಂಚಿನ 1.10.3 ಇನ್ನೊಂದರಲ್ಲಿ ಹಾಗೆಯೇ ಕೂತಿತ್ತು. ಕಾನ್ಫಿಗ್ ಫೈಲ್ ಕೂಡ ಫ್ಲಾಶ್‌ನಲ್ಲಿ ಹಾಗೇ ಇತ್ತು. ಹಳೆಯ ಫರ್ಮ್‌ವೇರ್ ಅದನ್ನು ಓದಲಾರದೆ ಬಿಟ್ಟಿತ್ತೇ ಹೊರತು ಅಳಿಸಿರಲಿಲ್ಲ. ಅಳಿಸಿದ್ದು ನಾನು, ರಿಕವರಿ ಮಾಡಿ. ಉಳಿದ ಐದನ್ನು ಇನ್ನೊಂದು ಸ್ಲಾಟ್‌ನಿಂದ ಬೂಟ್ ಮಾಡಿದೆ. ಒಂದೊಂದಕ್ಕೆ ಐದೈದು ನಿಮಿಷ ಹಿಡಿಯಿತು. ನಿಮಗೂ ಎಂದಾದರೂ ಹೀಗಾದರೆ, ರಿಕವರಿಗೆ ಕೈ ಹಾಕುವ ಮುಂಚೆ ಎರಡನೇ ಸ್ಲಾಟ್ ಇದೆಯಾ ನೋಡಿ.

ಈಗ ನಿಮ್ಮ ಪ್ರಶ್ನೆ. ನೇರವಾಗಿ ಹೇಳುತ್ತೇನೆ: ‘ಯಾವುದು ಲೇಟೆಸ್ಟ್’ ಅಂತ ಕೇಳುವುದನ್ನು ಬಿಡಿ. ಫರ್ಮ್‌ವೇರ್ ನಂಬರ್‌ಗಳು ಒಂದೇ ಏಣಿಯ ಮೆಟ್ಟಿಲುಗಳಲ್ಲ, ಮರದ ಕೊಂಬೆಗಳು. 1.10 ಒಂದು ಕೊಂಬೆ, 2.0 ಇನ್ನೊಂದು. 2.0 ಬಂದ ಮೇಲೂ ಕಂಪನಿ 1.10ರ ಕೊಂಬೆಯಲ್ಲಿ ದೋಷ ತಿದ್ದುತ್ತಲೇ ಇರುತ್ತದೆ. ಹಾಗಾಗಿ ಚಿಕ್ಕ ನಂಬರ್‌ಗೆ ಈಚಿನ ತಾರೀಕು ಇರುವುದರಲ್ಲಿ ವಿಚಿತ್ರ ಏನೂ ಇಲ್ಲ. ಮೂರು ತಿಂಗಳ ಹಿಂದಿನ 2.0.1ರಲ್ಲಿ ಇಲ್ಲದ ಭದ್ರತಾ ತಿದ್ದುಪಡಿ ಕಳೆದ ವಾರದ 1.10.3ರಲ್ಲಿ ಇರಬಹುದು. ನೀವು ಕೇಳಬೇಕಾದ ಪ್ರಶ್ನೆಗಳು ಎರಡು: ನಾನು ಯಾವ ಕೊಂಬೆಯ ಮೇಲಿದ್ದೇನೆ? ಆ ಕೊಂಬೆಗೆ ಇನ್ನೂ ನೀರು ಹಾಕುತ್ತಿದ್ದಾರಾ?

ಕಂಪನಿಗೊಂದು ಲೆಕ್ಕ ಇರುತ್ತದೆ, ಇದಕ್ಕೆ ಒಂದೇ ಸೂತ್ರ ಹುಡುಕಿ ಪ್ರಯೋಜನ ಇಲ್ಲ. ಸಾಫ್ಟ್‌ವೇರ್‌ನವರು ಸೆಮ್ಯಾಂಟಿಕ್ ವರ್ಷನಿಂಗ್ ಅಂತ ಒಂದು ನಿಯಮ ಹೇಳುತ್ತಾರೆ. ಮೊದಲ ಅಂಕಿ ಬದಲಾದರೆ ಹಳೆಯದರ ಜೊತೆ ಹೊಂದುವುದಿಲ್ಲ, ಎರಡನೆಯದು ಹೊಸ ಸೌಲಭ್ಯ, ಮೂರನೆಯದು ದೋಷ ತಿದ್ದಿದ್ದು. ನೆಟ್‌ವರ್ಕ್ ಉಪಕರಣಗಳ ಕಂಪನಿಗಳೆಲ್ಲ ಇದಕ್ಕೆ ಕಟ್ಟುಬಿದ್ದಿವೆ ಅಂದುಕೊಳ್ಳಬೇಡಿ. ಸಿಸ್ಕೊ ಕಂಪನಿಯ ಉಪಕರಣಗಳಲ್ಲಿ ಓಡುವ ಹಳೆಯ ಐಒಎಸ್ (ಐಫೋನಿನದಲ್ಲ) 12.4 ಆದ ಮೇಲೆ ನೇರವಾಗಿ 15.0ಕ್ಕೆ ಹಾರಿತು, 13 ಮತ್ತು 14 ಬರಲೇ ಇಲ್ಲ. ಅದರಲ್ಲಿ 15.2(7)ಇ3 ಅಂತ ಕಂಡರೆ 15.2 ಮುಖ್ಯ ನಂಬರ್, ಆವರಣದಲ್ಲಿರುವ 7 ಮೇಂಟೆನೆನ್ಸ್ ರಿಲೀಸ್, ಇ ಅನ್ನುವುದು ಕೊಂಬೆಯ ಹೆಸರು (ಅವರು ಟ್ರೇನ್ ಅನ್ನುತ್ತಾರೆ), ಕೊನೆಯ 3 ಅಂದರೆ ಅದನ್ನೇ ಮೂರನೇ ಸಲ ತಿದ್ದಿ ಕಟ್ಟಿದ್ದು. ಅಕ್ಷರ ಬೇರೆ ಇದ್ದರೆ ಹೋಲಿಸಲೇಬೇಡಿ. ಅದೇ ಕಂಪನಿಯ ಐಒಎಸ್ ಎಕ್ಸ್ಇಯಲ್ಲಿ ಲೆಕ್ಕ ಬೇರೆ. 17.3, 17.6, 17.9, 17.12, ಹೀಗೆ ಮೂರಕ್ಕೊಂದು ರಿಲೀಸ್‌ಗೆ ಜಾಸ್ತಿ ಕಾಲ ಸಪೋರ್ಟ್ ಕೊಡುತ್ತಾರೆ. 17.4ರಿಂದ 17.6ರ ತನಕದ ಸಾಲಿಗೆ ಬೆಂಗಳೂರು ಅಂತಲೇ ಹೆಸರಿಟ್ಟಿದ್ದಾರೆ. ನನಗೆ ಇಷ್ಟವಾದದ್ದು ಅವರ ಫೈಲ್ ಹೆಸರು. 17.9.4 ಅನ್ನು 17.09.04 ಅಂತ ಬರೆಯುತ್ತಾರೆ. ಆ ಒಂದು ಸೊನ್ನೆ ಮುಂದೆ ಇದ್ದರೆ ಅಕ್ಷರದಂತೆ ಹೋಲಿಸಿದರೂ 17.12 ಸರಿಯಾದ ಜಾಗಕ್ಕೇ ಬರುತ್ತದೆ. ನನ್ನ ಸ್ವಿಚ್‌ಗಳಲ್ಲಿ 1.09 ಅಂತ ಬರೆದಿದ್ದರೆ ಆ ರಾತ್ರಿ ನಾನು ಮನೆಯಲ್ಲಿ ಮಲಗಿರುತ್ತಿದ್ದೆ.

ಜೂನಿಪರ್ ಕಂಪನಿಯಲ್ಲಿ 21.4ಆರ್3-ಎಸ್5 ಅಂದರೆ 2021ರ ನಾಲ್ಕನೇ ತ್ರೈಮಾಸಿಕದ ಕೊಂಬೆ, ಅದರ ಮೂರನೇ ರಿಲೀಸ್, ಅದರ ಮೇಲೆ ಐದನೇ ಸರ್ವಿಸ್ ರಿಲೀಸ್. 21 ಅಂತ ಇದೆ ಎಂದು ಹಳೆಯದು ಅಂದುಕೊಳ್ಳಬೇಡಿ, ಕೊಂಬೆ ಹುಟ್ಟಿದ ಕಾಲ ಅದು, ಫೈಲ್ ಬಂದ ಕಾಲ ಅಲ್ಲ. ರೂಟರ್‌ಗಳಿಗೆ ಹಾಕುವ ಮುಕ್ತ ಫರ್ಮ್‌ವೇರ್ ಓಪನ್‌ಡಬ್ಲ್ಯುಆರ್‌ಟಿಯಲ್ಲೂ ಹೀಗೆ. 21.02 ಅಂದರೆ 2021ರ ಫೆಬ್ರವರಿ, ಆದರೆ 21.02.0 ಬಿಡುಗಡೆ ಆದದ್ದು ಆ ವರ್ಷದ ಸೆಪ್ಟೆಂಬರ್‌ನಲ್ಲಿ. ಇನ್ನು ಕೊನೆಯ ಅಕ್ಷರಗಳ ವಿಷಯ. ಎಫ್ ಅಂದರೆ ಅರಿಸ್ಟಾ, ಫೋರ್ಟಿನೆಟ್ ಎರಡೂ ಕಂಪನಿಗಳಲ್ಲಿ ಫೀಚರ್. ಎಂ ಅಂದರೆ ಅರಿಸ್ಟಾದಲ್ಲಿ ಮೇಂಟೆನೆನ್ಸ್, ಫೋರ್ಟಿನೆಟ್‌ನಲ್ಲಿ ಮೆಚ್ಯೂರ್. ಎರಡರಲ್ಲೂ ಎಂ ಹಾಕಿ, ಹೊಸ ಸೌಲಭ್ಯ ನಿಜವಾಗಿ ಬೇಕಿದ್ದರೆ ಮಾತ್ರ ಎಫ್. ಮೈಕ್ರೋಟಿಕ್ ಕಂಪನಿಯದು ಇದ್ದರೆ ಒಂದೇ ಪೆಟ್ಟಿಗೆಯಲ್ಲಿ ಎರಡು ವರ್ಷನ್ ಇರುತ್ತವೆ, ರೂಟರ್‌ಒಎಸ್ (ಮುಖ್ಯ ಸಾಫ್ಟ್‌ವೇರ್) ಒಂದು, ರೂಟರ್‌ಬೂಟ್ (ಪೆಟ್ಟಿಗೆಯನ್ನು ಮೊದಲು ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಇನ್ನೊಂದು. ಮೊದಲನೆಯದನ್ನು ಏರಿಸಿದರೆ ಎರಡನೆಯದು ತಾನಾಗೇ ಏರಿತು ಅಂತ ನಂಬಬೇಡಿ, ಬೇರೆಯಾಗಿ ನೋಡಿ.

ಫರ್ಮ್‌ವೇರ್ ನಂಬರ್‌ಗಿಂತ ಮುಂಚೆ ನೋಡಬೇಕಾದ ನಂಬರ್ ಇನ್ನೊಂದಿದೆ. ಉಪಕರಣದ ಕೆಳಗಿನ ಲೇಬಲ್‌ನಲ್ಲಿರುವ ಹಾರ್ಡ್‌ವೇರ್ ವರ್ಷನ್. ವಿ1, ವಿ2 ಅಂತಲೋ ಎ1, ಬಿ1 ಅಂತಲೋ ಇರುತ್ತದೆ. ಮಾಡೆಲ್ ಹೆಸರು ಒಂದೇ ಇದ್ದರೂ ಒಳಗಿನ ಚಿಪ್ ಬೇರೆ ಇರಬಹುದು. ಕೆಲವು ಕಂಪನಿಗಳಲ್ಲಿ ಎ1ಗೆ 1ರಿಂದ ಶುರುವಾಗುವ ಫರ್ಮ್‌ವೇರ್, ಬಿ1ಗೆ 2ರಿಂದ ಶುರುವಾಗುವುದು. ಅಲ್ಲಿ 2.0 ಅನ್ನುವುದು 1.10ರ ಮುಂದಿನದೇ ಅಲ್ಲ, ಬೇರೆ ಯಂತ್ರದ್ದು. ನಿಮ್ಮ ಪಟ್ಟಿಯಲ್ಲಿರುವ 2.0.1 ಹೀಗೂ ಇರಬಹುದು, ಆ ಗುಮಾನಿ ನನಗೆ ಬಲವಾಗಿಯೇ ಇದೆ. ಮೊದಲು ಲೇಬಲ್ ತಿರುಗಿಸಿ ನೋಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ 1.10.3 ಹಾಕುತ್ತೇನೆ, ಲೇಬಲ್ ಒಪ್ಪಿದರೆ ಮಾತ್ರ. 2.0.1 ಈಗ ಬೇಡ. ಯಾವುದೇ ಕೊಂಬೆಯ .0 ಮತ್ತು .1 ಅನ್ನು ನಾನು ಓಡುವ ನೆಟ್‌ವರ್ಕ್‌ಗೆ ಹಾಕುವುದಿಲ್ಲ, ಭದ್ರತೆಗೆ ಬೇರೆ ದಾರಿಯೇ ಇಲ್ಲದಿದ್ದರೆ ಬೇರೆ ಮಾತು. ಹಾಕುವ ಮುಂಚೆ ಕಾನ್ಫಿಗ್ ಫೈಲನ್ನು ಸ್ವಿಚ್‌ನಿಂದ ಹೊರಗೆ ತೆಗೆದು, ಫೈಲ್ ಹೆಸರಿನಲ್ಲೇ 1.9.8 ಅಂತ ಬರೆದಿಡಿ. ಯಾವ ವರ್ಷನ್‌ನಲ್ಲಿ ತೆಗೆದದ್ದು ಅಂತ ಗೊತ್ತಿಲ್ಲದ ಬ್ಯಾಕಪ್ ಅರ್ಧ ಬ್ಯಾಕಪ್ ಅಷ್ಟೇ. ರಿಲೀಸ್ ನೋಟ್ಸ್‌ನಲ್ಲಿ ‘ಡೌನ್‌ಗ್ರೇಡ್’ ಅನ್ನುವ ಪದ ಹುಡುಕಿ, ಅದರ ಸುತ್ತಲಿನ ಪ್ಯಾರಾ ಪೂರ್ತಿ ಓದಿ. 1.9ರಿಂದ 1.10ಕ್ಕೆ ನೇರ ಹೋಗಬಹುದಾ, ನಡುವೆ ಇನ್ನೊಂದು ವರ್ಷನ್ ಮೇಲೆ ಕಾಲಿಡಬೇಕಾ ಅನ್ನುವುದೂ ಅಲ್ಲೇ ಇರುತ್ತದೆ. ಅಪ್‌ಗ್ರೇಡ್ ಮಾಡುವಾಗ ಸ್ವಿಚ್ ಏನಾದರೂ ಕೇಳಿದರೆ, ಪೂರ್ತಿ ಓದಿ ಕೈಯಾರೆ ಉತ್ತರ ಕೊಡಿ. ಲೇಬಲ್‌ನಲ್ಲಿ ಏನಿದೆ ಅಂತ ಇಲ್ಲೇ ಬರೆದರೆ, 2.0.1 ನಿಮ್ಮ ಯಂತ್ರದ್ದೋ ಅಲ್ಲವೋ ಒಟ್ಟಿಗೆ ನೋಡೋಣ.