ಊಟವಾದ ಮೇಲೂ ಕುರುಕಲು ಬೇಕೆನಿಸಿದಾಗ ಮುಂದಿನ ದಿನವೊಂದನ್ನು ಕಲ್ಪಿಸಿಕೊಳ್ಳುವುದು

ಹೊಟ್ಟೆ ತುಂಬಿದ್ದರೂ ರಾತ್ರಿ ಚಕ್ಕುಲಿ ಡಬ್ಬಿಗೆ ಕೈ ಹೋಗುತ್ತದೆ, ಭವಿಷ್ಯವನ್ನು ಕಲ್ಪಿಸಿಕೊಂಡರೆ ಇದು ನಿಲ್ಲುತ್ತದಾ ಎಂದು ಕೇಳಿದ್ದೀರಿ. ನನಗಂತೂ ಉಪಯೋಗವಾಗಿದೆ. ಆದರೆ ಏನನ್ನು ಕಲ್ಪಿಸಿಕೊಳ್ಳುತ್ತೀರಿ ಅನ್ನುವುದು ತುಂಬಾ ಮುಖ್ಯ.

ಸಾಮಾನ್ಯವಾಗಿ ನಾವು "ಹೀಗೇ ತಿಂದರೆ ಶುಗರ್ ಬರುತ್ತೆ" ಎಂದು ಹೆದರಿಸಿಕೊಳ್ಳುತ್ತೇವೆ. ಇಲ್ಲವೇ "ಸಣ್ಣ ಆಗಬೇಕು" ಅಂದುಕೊಳ್ಳುತ್ತೇವೆ. ಇವೆರಡರಲ್ಲೂ ಒಂದು ಜಾಗವಿಲ್ಲ, ದಿನವಿಲ್ಲ, ಮನುಷ್ಯರಿಲ್ಲ. ಚಕ್ಕುಲಿ ಮಾತ್ರ ಕಣ್ಣೆದುರಿಗೇ ಇದೆ, ಘಮ್ಮೆನ್ನುತ್ತಿದೆ. ಗೆಲ್ಲುವುದು ಅದೇ ಅಲ್ವಾ? ಮುಂದಿನ ದಿನವೂ ಅಷ್ಟೇ ಸ್ಪಷ್ಟವಾಗಿ ಕಾಣಬೇಕು.

ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ ಲೆನಾರ್ಡ್ ಎಪ್‌ಸ್ಟೀನ್ ಮತ್ತು ಅವರ ಜೊತೆಯವರು ಇದನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ತೂಕ ಜಾಸ್ತಿ ಇದ್ದ 26 ಮಹಿಳೆಯರು ಅದರಲ್ಲಿದ್ದರು. ಒಂದು ಗುಂಪಿನವರು ತಮ್ಮ ಬದುಕಿನಲ್ಲಿ ಮುಂದೆ ಬರಲಿರುವ ಖುಷಿಯ ಸಂದರ್ಭಗಳನ್ನು ತಮ್ಮದೇ ದನಿಯಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಂಡರು. ಇನ್ನೊಂದು ಗುಂಪಿನವರು ಬೇರೆ ಯಾರೋ ಬರೆದ ಪ್ರವಾಸದ ಬಗ್ಗೆ ಯೋಚಿಸಿದರು. ಎದುರಿಗೆ ತಿಂಡಿ ಇಟ್ಟು, ಎಷ್ಟು ಬೇಕಾದರೂ ತಿನ್ನಲು ಬಿಟ್ಟರು. ಮೊದಲ ಗುಂಪಿನವರು ತಿಂದದ್ದು ಸರಾಸರಿ 800 ಕ್ಯಾಲೊರಿಯಷ್ಟು, ಎರಡನೆಯವರು 1,100ರಷ್ಟು. ಈಗಲೇ ಸ್ವಲ್ಪ ಹಣ ಬೇಕಾ, ತಡವಾಗಿ ಜಾಸ್ತಿ ಬೇಕಾ ಎಂಬ ಪರೀಕ್ಷೆಯಲ್ಲೂ ಮೊದಲನೆಯವರಿಗೇ ತಾಳ್ಮೆ ಹೆಚ್ಚಿತ್ತು. ಇದು ಸಣ್ಣ ಪ್ರಯೋಗ, ಲ್ಯಾಬಿನಲ್ಲಿ ನಡೆದದ್ದು. ಇದೊಂದರಿಂದಲೇ ತೂಕ ಇಳಿಯುತ್ತದೆ ಎಂದು ನಂಬಿಬಿಡಬೇಡಿ.

ನಾನು ಈಗ ಇಟ್ಟುಕೊಂಡಿರುವುದು ತಂಗಿಯ ಮನೆಯ ಗೃಹಪ್ರವೇಶ. ಸಾಗರದಲ್ಲಿ ಬೆಳಗಿನ ಜಾವ ಬಸ್ಸಿಳಿಯುತ್ತೇನೆ. ಮಳೆ ನಿಂತು ಅಂಗಳವೆಲ್ಲ ಒದ್ದೆ. ಜಗುಲಿಯಲ್ಲಿ ಅಪ್ಪ ಪೇಪರ್ ಹಿಡಿದು ಕೂತಿದ್ದಾರೆ. ತಂಗಿಯ ಮಗಳು "ದೊಡ್ಡಮ್ಮ" ಎಂದು ಕೂಗುತ್ತಾ ಓಡಿಬಂದು ಚೀಲ ಕಿತ್ತುಕೊಳ್ಳುತ್ತಾಳೆ. ಇದಿಷ್ಟನ್ನೂ ಫೋನಿನಲ್ಲಿ ನಾನೇ ಮಾತಾಡಿ ಇಟ್ಟಿದ್ದೇನೆ. ಡಬ್ಬಿ ತೆಗೆಯುವ ಮೊದಲು ಕೇಳುತ್ತೇನೆ. ಆಮೇಲೂ ಬೇಕೆನಿಸಿದರೆ ತಟ್ಟೆಗೆ ಒಂದೆರಡು ಹಾಕಿಕೊಂಡು ಕೂತು ತಿನ್ನುತ್ತೇನೆ. ಎಷ್ಟೋ ಸಲ ಬೇಡವೇ ಬೇಡ ಅನಿಸುತ್ತದೆ. ಚಿತ್ರವನ್ನು ಪಂಕ್ತಿಯ ಊಟಕ್ಕೆ ಮೊದಲೇ ನಿಲ್ಲಿಸಿದ್ದೇನೆ. ಹೋಳಿಗೆ ನೆನಪಾದರೆ ಮತ್ತೆ ಬಾಯಲ್ಲಿ ನೀರೂರುತ್ತದೆ.

ನೀವೂ ನೋಡಿದ ಜಾಗ, ಗೊತ್ತಿರುವ ಜನರನ್ನೇ ಆರಿಸಿಕೊಳ್ಳಿ. ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಎಂಬ ಮೆದುಳಿನ ಭಾಗ ಕಲ್ಪನೆಗೂ ಬೇಕು. ಅದಕ್ಕೆ ಹಾನಿಯಾದವರಿಗೆ ಹೊಸ ಸನ್ನಿವೇಶಗಳನ್ನು ಕಲ್ಪಿಸಿಕೊಳ್ಳುವುದೂ ಕಷ್ಟ ಎಂದು 2007ರಲ್ಲಿ ಲಂಡನ್ನಿನ ಸಂಶೋಧಕರು ತೋರಿಸಿದರು. ಹಳೆಯ ನೆನಪಿನ ಚೂರುಗಳಿಂದಲೇ ನಾಳೆಯ ಚಿತ್ರ ಕಟ್ಟುತ್ತೇವೆ. ಹಾಗಾಗಿ ಸುಮ್ನೆ ಎಲ್ಲೋ ಪ್ಯಾರಿಸ್‌ಗೆ ಹೋದ ಹಾಗೆ ಅಂದುಕೊಳ್ಳುವುದಕ್ಕಿಂತ ಮಗನ ಶಾಲೆಯ ವಾರ್ಷಿಕೋತ್ಸವ ಒಳ್ಳೆಯದು. ಆ ದಿನ ಕಳೆದ ಮೇಲೆ ಬೇರೊಂದನ್ನು ಹುಡುಕಿಕೊಳ್ಳಿ.

ಮಧ್ಯಾಹ್ನದ ಊಟ ಬಿಟ್ಟು ರಾತ್ರಿ ಹಸಿದಿದ್ದರೆ ದಯವಿಟ್ಟು ಇದನ್ನು ಮಾಡಬೇಡಿ, ಊಟ ಮಾಡಿ. ಇನ್ನು, ನಿಲ್ಲಿಸಲು ಆಗದಷ್ಟು ತಿನ್ನುವುದು, ಯಾರಿಗೂ ಕಾಣದ ಹಾಗೆ ತಿಂದು ಆಮೇಲೆ ಸಂಕಟಪಡುವುದು ಪದೇ ಪದೇ ಆಗುತ್ತಿದ್ದರೆ ಡಾಕ್ಟರ್ ಹತ್ತಿರ ಮಾತಾಡಿ. ಅದು ಕಾಯಿಲೆಯೂ ಆಗಿರಬಹುದು, ಅದಕ್ಕೆ ಚಿಕಿತ್ಸೆ ಇದೆ.